ಹಳೆ ಫೋನ್ ಲೈನ್‌ನಲ್ಲಿ ಇಂಟರ್ನೆಟ್ ಚುರುಕಾಗಬೇಕಾ? ಮೊದಲು ಮನೆಯೊಳಗಿನ ವೈರ್ ನೋಡಿ

ಕಲಬುರಗಿಯ ಹಳೆ ಓಣಿಗಳಲ್ಲಿ ಲೈನ್ ಕೆಲಸಕ್ಕೆ ಹೋದಾಗೆಲ್ಲ ಕೇಳೋ ಮಾತು ಒಂದೇ: "ನೆಟ್ ಭಾಳ ಸ್ಲೋ ಅದರೀ, ಎಕ್ಸ್‌ಚೇಂಜಿಂದೇ ತಪ್ಪು." ನಾನಂತೂ ಮೊದಲು ಮನೆಯೊಳಗಿನ ವೈರ್ ಬಿಚ್ಚಿಸುತ್ತೇನೆ.

ಫೋನಿನ ಮಾತಿಗೆ 300ರಿಂದ 3400 ಹರ್ಟ್ಸ್ ಸಾಕು. ಫೋನ್ ಲೈನ್ ಮೇಲೆ ಇಂಟರ್ನೆಟ್ ಕೊಡುವ ಎಡಿಎಸ್‌ಎಲ್ 2 ಪ್ಲಸ್ ತಂತ್ರಜ್ಞಾನ ಅದೇ ತಾಮ್ರದ ಜೋಡಿಯ ಮೇಲೆ 2.2 ಮೆಗಾಹರ್ಟ್ಸ್‌ವರೆಗೂ ಡೇಟಾ ಓಡಿಸುತ್ತದೆ. ಹಾಗಾಗಿ ಫೋನಿನಲ್ಲಿ ಮಾತು ಸ್ವಚ್ಛ ಕೇಳಿದ ಮಾತ್ರಕ್ಕೆ ಲೈನ್ ಸರಿ ಇದೆ ಅಂತಲ್ಲ.

ಹೊರಗಿನಿಂದ ಬರುವ ಡ್ರಾಪ್ ವೈರ್ ಮನೆಗೆ ಬಂದು ಸೇರುವ ಮೊದಲ ರೊಸೆಟ್ ಬಾಕ್ಸ್ (ಫೋನ್ ವೈರ್ ಜೋಡಿಸುವ ಸಣ್ಣ ಡಬ್ಬಿ) ಹುಡುಕಿ. ಒಳಗೆ ಹೋಗುವ ವೈರ್‌ಗಳನ್ನೆಲ್ಲ ಬಿಚ್ಚಿ, ಮೋಡೆಮ್ ಒಂದನ್ನೇ ಅಲ್ಲಿಗೆ ಹಚ್ಚಿ. ಕೈ ಒಣಗಿರಲಿ; ರಿಂಗ್ ಬಂದರೆ ಆ ತಂತಿಯಲ್ಲಿ ಸುಮಾರು 75 ವೋಲ್ಟ್ ಬರುತ್ತದೆ, ಚುರ್ ಅನ್ನುತ್ತದೆ. ಮೋಡೆಮ್‌ನ ಡಿಎಸ್‌ಎಲ್ ಸ್ಟೇಟಸ್ ಪುಟ ತೆರೆದು ಅಟೆನ್ಯುಯೇಶನ್ (ದಾರಿಯಲ್ಲಿ ಸಿಗ್ನಲ್ ಎಷ್ಟು ಕುಗ್ಗಿತು ಅನ್ನೋದು), ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲ ತಡೆಯಲು ಸಿಗ್ನಲ್ ಎಷ್ಟು ಮಿಗಿಲಾಗಿದೆ ಅನ್ನೋದು) ಎರಡನ್ನೂ ಬರೆದಿಟ್ಟುಕೊಳ್ಳಿ. ಮಾರ್ಜಿನ್ 6 ಡೆಸಿಬೆಲ್‌ಗಿಂತ ಕೆಳಗಿದ್ದರೆ ಲೈನ್ ಪದೇ ಪದೇ ಕಡಿಯುತ್ತದೆ. 10 ದಾಟಿದರೆ ನೆಮ್ಮದಿ. ಈಗ ಒಳಗಿನ ವೈರ್ ಮತ್ತೆ ಜೋಡಿಸಿ ನೋಡಿ. ಮಾರ್ಜಿನ್ ಇಳಿಯಿತೋ, ದೋಷ ನಿಮ್ಮ ಮನೆಯಲ್ಲೇ ಇದೆ.

ನನಗೆ ಹೆಚ್ಚಾಗಿ ಸಿಗೋದು ಮಾಳಿಗೆ ಕೋಣೆಗೆ ಎಂದೋ ಎಳೆದು, ಫೋನ್ ತೆಗೆದ ಮೇಲೂ ಹಾಗೇ ಬಿಟ್ಟ ಪ್ಯಾರಲಲ್ ವೈರ್. ಸಿಗ್ನಲ್ ಅದರ ತುದಿಗೆ ಬಡಿದು ವಾಪಸ್ ಬಂದು ಅಸಲಿ ಸಿಗ್ನಲನ್ನೇ ಕೆಡಿಸುತ್ತದೆ. ಅದನ್ನು ಬಾಕ್ಸಿನಲ್ಲೇ ಕಳಚಿಬಿಡಿ. ಮಾತನ್ನೂ ಡೇಟಾವನ್ನೂ ಬೇರೆ ಮಾಡುವ ಸ್ಪ್ಲಿಟರ್ ಇದೇ ಮೊದಲ ಬಾಕ್ಸಿಗೆ ಬರಲಿ. ಬೇರೆ ಕೋಣೆಯ ಫೋನ್‌ಗಳೆಲ್ಲ ಅದರ 'ಫೋನ್' ತೂತಿನ ನಂತರವೇ. ಕಂಪ್ಯೂಟರ್ ದೂರ ಇದ್ದರೆ ಉದ್ದ ಮಾಡಬೇಕಾದ್ದು ಲ್ಯಾನ್ ಕೇಬಲ್, ಫೋನ್ ವೈರ್ ಅಲ್ಲ.

ಜಾಯಿಂಟ್‌ನ ಟೇಪ್ ಬಿಚ್ಚಿದಾಗ ತಾಮ್ರದ ಮೇಲೆ ಹಸಿರು ಕಿಲುಬು ಕಂಡರೆ, ಕೆಂಪಗೆ ಹೊಳೆಯುವ ತಂತಿ ಸಿಗೋವರೆಗೂ ಕತ್ತರಿಸಿ. ಮತ್ತೆ ಟೇಪ್ ಸುತ್ತಬೇಡಿ. ಜೆಲ್ಲಿ ತುಂಬಿದ ಕನೆಕ್ಟರ್ ಹಾಕಿ ಒತ್ತಿ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಸಣ್ಣ ರೇಡಿಯೊ ತಗೊಂಡು ಮೀಡಿಯಂ ವೇವ್‌ನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ವೈರ್ ಹೋದ ದಾರಿಯುದ್ದಕ್ಕೂ ನಡೆಯಿರಿ. ಇನ್ವರ್ಟರ್ ಹತ್ತಿರವೋ ಅಗ್ಗದ ಚಾರ್ಜರ್ ಹತ್ತಿರವೋ ಗರ್ ಅಂದರೆ, ಡೇಟಾ ಓಡುವ ಪಟ್ಟಿಯಲ್ಲೇ ಆ ಗದ್ದಲ ಇದೆ. ವೈರನ್ನು ಅಲ್ಲಿಂದ ದೂರ ಸರಿಸಿ.

ಮೊದಲ ಬಾಕ್ಸಿನಲ್ಲೇ ಅಂಕಿ ಕೆಟ್ಟಿದ್ದರೆ ಕೆಲಸ ಹೊರಗಿನದು. ನಮ್ಮ ಎರಿ ನೆಲ ಬ್ಯಾಸಗಿಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ. ನೆಲದೊಳಗಿನ ಜಾಯಿಂಟ್ ಅಲುಗಿ ನೀರು ಸೇರುತ್ತದೆ. ಮಳೆಗೆ ಮುಂಚಿನ ಅಂಕಿ, ಮಳೆ ಬಂದ ಮೇಲಿನ ಅಂಕಿ ಎರಡನ್ನೂ ಲೈನ್‌ಮನ್‌ಗೆ ಕೊಟ್ಟರೆ ಮನೆಗಳಿಗೆ ಲೈನ್ ಹಂಚುವ ಡಿ.ಪಿ. ಬಾಕ್ಸ್‌ನಿಂದ ರಸ್ತೆಬದಿಯ ದೊಡ್ಡ ಕೇಬಲ್ ಪೆಟ್ಟಿಗೆಯಾದ ಪಿಲ್ಲರ್‌ವರೆಗೆ ಎಲ್ಲಿ ನೋಡಬೇಕು ಅನ್ನೋದು ಅವರಿಗೆ ಬೇಗ ಗೊತ್ತಾಗುತ್ತದೆ. ಒಣ ದಿನದಲ್ಲೂ ಅಟೆನ್ಯುಯೇಶನ್ 60 ಡೆಸಿಬೆಲ್ ದಾಟಿದರೆ ಬಹುಮಟ್ಟಿಗೆ ಎಕ್ಸ್‌ಚೇಂಜ್ ದೂರ ಇದೆ ಅಂತಲೇ. ಹೊಸ ಮೋಡೆಮ್‌ಗೆ ದುಡ್ಡು ಹಾಕಬೇಡಿ, ಲೈನ್‌ಗೆ ಕಡಿಮೆ ವೇಗದ ಸೆಟ್ಟಿಂಗ್ (ಪ್ರೊಫೈಲ್) ಕೇಳಿ ಪಡೆಯಿರಿ, ಲೈನ್ ಕಡಿಯೋದಾದರೂ ನಿಲ್ಲುತ್ತದೆ.