ಕೋಹೌಸಿಂಗ್‌ಗೆ ಬಾಡಿಗೆಗೆ ಬರುವವರಿಗೆ, ಬಾಡಿಗೆಗೆ ಕೊಡುವವರಿಗೆ

ವಾಷಿಂಗ್ಟನ್ ರಾಜ್ಯದ ಈ ಕೋಹೌಸಿಂಗ್‌ಗೆ ನಾವು ಬಂದಿದ್ದು ಬಾಡಿಗೆಗೆ. ಈಗ ಇಲ್ಲೇ ಸ್ವಂತ ಮನೆ ಇದೆ. ಎರಡೂ ಕಡೆ ಇದ್ದು ನೋಡಿದ್ದರಿಂದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಪ್ರತಿ ಕುಟುಂಬಕ್ಕೂ ಅಡುಗೆಮನೆ ಸಮೇತ ಪೂರ್ತಿ ಮನೆ ಇರುತ್ತದೆ. ಜೊತೆಗೆ ಎಲ್ಲರಿಗೂ ಸೇರಿದ ಒಂದು ಕಾಮನ್ ಹೌಸ್. ಅಲ್ಲಿ ವಾರದಲ್ಲಿ ಕೆಲವು ದಿನ ಒಟ್ಟಿಗೆ ಊಟ. ಇದು ಡೆನ್ಮಾರ್ಕಿನಲ್ಲಿ ಹುಟ್ಟಿದ್ದು, ಅಲ್ಲಿನ ಸೆಟ್ಟೆಡಾಮೆನ್ ಅನ್ನೋ ಕೋಹೌಸಿಂಗ್ 1972ರದ್ದು. ಅಮೆರಿಕದಲ್ಲಿ ಹೊಸದಾಗಿ ಕಟ್ಟಿದ ಮೊದಲನೆಯದು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರುವ ಮ್ಯೂರ್ ಕಾಮನ್ಸ್, 1991ರಲ್ಲಿ, 26 ಮನೆ.

ಬಾಡಿಗೆಗೆ ಬರುವವರು ಅಗ್ರಿಮೆಂಟ್‌ಗೆ ಸಹಿ ಹಾಕುವ ಮೊದಲೇ ಓಟಿನ ವಿಷಯ ಕೇಳಿ. ಅಮೆರಿಕದ ಬಹಳಷ್ಟು ಕೋಹೌಸಿಂಗ್‌ಗಳು ಕಾನೂನಿನ ಲೆಕ್ಕದಲ್ಲಿ ಕಾಂಡೋಮಿನಿಯಮ್‌ಗಳೇ, ಅಂದರೆ ಮನೆ ಅವರವರದ್ದು, ಉಳಿದ ಜಾಗ ಎಲ್ಲ ಮಾಲೀಕರಿಗೂ ಸೇರಿದ್ದು. ಹಾಗಾಗಿ ಬಜೆಟ್, ಚಾವಣಿ ರಿಪೇರಿ, ಬೈಲಾ ತಿದ್ದುಪಡಿಗೆ ಓಟು ಮಾಲೀಕರದ್ದು. ಆದರೆ ದಿನನಿತ್ಯದ ಬದುಕು ಇರುವುದು ಬೇರೆ ಕಡೆ: ಯಾವ ದಿನ ಊಟ, ತೋಟದಲ್ಲಿ ಏನು ಹಾಕೋದು, ನಾಯಿ ಎಲ್ಲಿ ಓಡಾಡಬಹುದು. ನಮ್ಮಲ್ಲಿ ಇವೆಲ್ಲ ಸಹಮತದಿಂದ ತೀರ್ಮಾನವಾಗುತ್ತವೆ, ಬಾಡಿಗೆಯವರ ಮಾತಿಗೂ ಅಷ್ಟೇ ತೂಕ. ಎಲ್ಲ ಕಡೆ ಹೀಗಿಲ್ಲ. ತಿಂಗಳ ಮೇಂಟೆನೆನ್ಸ್ ಬಾಡಿಗೆಯಲ್ಲೇ ಸೇರಿದೆಯಾ, ಗೆಸ್ಟ್ ರೂಮ್ ನಮಗೂ ಸಿಗುತ್ತಾ, ಅದನ್ನೂ ಕೇಳಿಬಿಡಿ.

ಮಾಲೀಕರೇ, ನಿಮ್ಮ ಪಾಲಿನ ಕೆಲಸ ಇದಕ್ಕಿಂತ ಜಾಸ್ತಿ. ಬೀಗದ ಕೈ ಕೊಟ್ಟು ಸುಮ್ನೆ ಊರಿಗೆ ಹೊರಟುಬಿಡಬೇಡಿ. ಸಮುದಾಯದ ಕೆಲಸಕ್ಕೆ ತಿಂಗಳಿಗೆ ಎಷ್ಟು ಗಂಟೆ, ಅದನ್ನು ಮಾಡೋದು ನೀವಾ ಅವರಾ ಅಂತ ಅಗ್ರಿಮೆಂಟ್ ಜೊತೆಗೇ ಬರೆದು ಕೊಡಿ. ಇದನ್ನು ಹೇಳದೆ ಬಿಟ್ಟರೆ ಬಂದವರು ಒಂದು ದಿನ ಇನ್ಯಾರದೋ ಬಾಯಿಂದ 'ನೀವು ಏನೂ ಮಾಡ್ತಿಲ್ಲ' ಅಂತ ಕೇಳಬೇಕಾಗುತ್ತದೆ. ಅದು ಅನ್ಯಾಯ. ಇಮೇಲ್ ಪಟ್ಟಿಗೂ ಮೊದಲ ದಿನವೇ ಅವರ ಹೆಸರು ಸೇರಿಸಿ.

ಇನ್ನು ಬಂದಮೇಲೆ ಎಲ್ಲಿಂದ ಶುರು ಮಾಡೋದು? ಪಾತ್ರೆ ತೊಳೆಯೋದರಿಂದ. ನಿಜವಾಗಿ ಹೇಳ್ತೀನಿ, ಇದಕ್ಕಿಂತ ಒಳ್ಳೆ ದಾರಿ ಇಲ್ಲ. ನಮ್ಮ ಕಾಮನ್ ಹೌಸ್‌ನ ಬಾಗಿಲ ಪಕ್ಕದ ಹಾಳೆಯಲ್ಲಿ ಮೂರು ಸಾಲು ಇರುತ್ತದೆ: ಅಡುಗೆ, ಸಹಾಯ, ಕ್ಲೀನಿಂಗ್. ಹೊಸಬರು ಮೂರನೆಯದರಲ್ಲಿ ಹೆಸರು ಬರೆಯಿರಿ. ಹೋಟೆಲಿನಲ್ಲಿ ಇರುವಂಥ ದೊಡ್ಡ ಡಿಶ್‌ವಾಷರ್ ಇದೆ. ತಟ್ಟೆ ಜೋಡಿಸಿದ ಟ್ರೇ ಒಳಗೆ ತಳ್ಳಿ ಮುಚ್ಚಳ ಕೆಳಗೆಳೆದರೆ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ತೆಗೆದಾಗ ಮುಖಕ್ಕೆ ಹಬೆ ಬಡಿಯುತ್ತದೆ, ತಟ್ಟೆ ಕೈ ಸುಡುತ್ತದೆ. ಒಬ್ಬರು ತೆಗೆಯೋದು, ಇನ್ನೊಬ್ಬರು ಒರೆಸೋದು. ಆ ಹೊತ್ತಿನಲ್ಲಿ ಮಾತು ತಾನಾಗೇ ಬರುತ್ತದೆ. ಯಾವ ಮಗುವಿಗೆ ಕಡಲೆಕಾಯಿ ಆಗಲ್ಲ, ಯಾರ ಮಂಡಿ ಆಪರೇಷನ್ ಆಗಿದೆ ಅನ್ನೋದೆಲ್ಲ ನನಗೆ ಅಲ್ಲೇ ಗೊತ್ತಾಗಿದ್ದು. ಹಾಗಾಗಿಯೇ ಅಡುಗೆ ಸರದಿ ಬಂದಾಗ ಚಿತ್ರಾನ್ನಕ್ಕೆ ಗೋಡಂಬಿಯನ್ನೂ ಹಾಕದೆ, ಕಡಲೆಬೇಳೆ ಉದ್ದಿನಬೇಳೆ ಒಗ್ಗರಣೆ ಜಾಸ್ತಿ ಮಾಡಿದೆ. ನಲವತ್ತು ಜನಕ್ಕೆ ಅನ್ನ ಮಾಡುವಾಗ ಮೊದಲೇ ಮಾಡಿ ಹರಡಿ ಆರಿಸಿ, ಇಲ್ಲಾಂದ್ರೆ ಮುದ್ದೆಯಾಗುತ್ತದೆ.

ಮೀಟಿಂಗ್‌ನಲ್ಲಿ ಬಣ್ಣದ ಕಾರ್ಡ್ ಇರುತ್ತವೆ. ನಮ್ಮಲ್ಲಿ ಹಸಿರು ಒಪ್ಪಿಗೆ, ಹಳದಿ ಪ್ರಶ್ನೆ, ಕೆಂಪು ತಡೆ. ಕೆಂಪು ಎತ್ತುವುದು ಇಡೀ ಸಮುದಾಯಕ್ಕೆ ತೊಂದರೆ ಅನ್ನಿಸಿದಾಗ ಮಾತ್ರ. ಆದರೆ ಹಳದಿಗೆ ಸಂಕೋಚ ಪಡಬೇಡಿ. ಹೊಸಬರ ಪ್ರಶ್ನೆಗೆ ಉತ್ತರ ಹುಡುಕುವಾಗ ಹಳಬರೂ ಎಷ್ಟೋ ಸಲ ನಿಂತು ಯೋಚಿಸುತ್ತಾರೆ. 'ಅವರು ಬಾಡಿಗೆಯವರು ಅಲ್ವಾ' ಅನ್ನೋ ಮಾತು ಮಾತ್ರ ಮಾಲೀಕರ ಬಾಯಲ್ಲಿ ಬರಬಾರದು.

ಕೆಲವು ಕಡೆ ಇಷ್ಟೇ ಮನೆ ಬಾಡಿಗೆಗೆ ಕೊಡಬಹುದು ಅಂತ ಮಿತಿ ಇರುತ್ತದೆ. ಅದನ್ನು ಅವಮಾನ ಅಂದುಕೊಳ್ಳಬೇಡಿ. ಮಾಲೀಕರೇ ವಾಸವಿರುವ ಮನೆಗಳು ತೀರಾ ಕಡಿಮೆಯಾದರೆ ಕೊಳ್ಳುವವರಿಗೆ ಸಾಲ ಸಿಗುವುದು ಕಷ್ಟ, ಸಾಲ ಕೊಡುವವರು ಆ ಲೆಕ್ಕ ನೋಡುತ್ತಾರೆ.

ಇಲ್ಲೇ ನೆಲೆಸುವ ಮನಸ್ಸಿದ್ದರೆ ಬಾಯಿ ಬಿಟ್ಟು ಹೇಳಿ. ಮನೆ ಮಾರುವ ಯೋಚನೆ ಇರುವವರು ಎಷ್ಟೋ ಸಲ ಮೊದಲು ಅಕ್ಕಪಕ್ಕದವರ ಹತ್ತಿರವೇ ವಿಷಯ ಎತ್ತುತ್ತಾರೆ. ನಮಗೆ ಮನೆ ಸಿಕ್ಕಿದ್ದು ಹಾಗೇ.