ಫೆವಿಕಾಲ್ ಹಚ್ಚಿ ಉಳಿಸಿಕೊಂಡ ತಟ್ಟೆಗಳು

"ಗ್ರಾಮಫೋನ್ ರೆಕಾರ್ಡಿಗೆ ಫೆವಿಕಾಲ್ ಹಚ್ತೀಯೇನಪ್ಪ? ಅದೇನು ಬಾಗಿಲು ಚೌಕಟ್ಟಾ?" ಅಂತ ಬೆಂಗಳೂರಿನ ಹಿರಿಯ ಸಂಗ್ರಾಹಕರೊಬ್ಬರು ಗದರಿ ಮೂರು ವರ್ಷವಾಯ್ತು. ಮೊನ್ನೆ ದಾವಣಗೆರೆಗೆ ಬಂದವರು ನಮ್ಮನೆಯಲ್ಲಿ ಅಮೆರಿಕದ ಗಾಯಕ ಓಟಿಸ್ ರೆಡ್ಡಿಂಗ್‌ನ ಎಲ್‌ಪಿ (ದೊಡ್ಡ ತಟ್ಟೆ) ಕೇಳಿ, "ಇನ್ನೊಂದ್ಸಲ ಹಾಕು" ಅಂದರು.

ತಟ್ಟೆ ತೊಳೆಯೋಕೆ ಸೋಪು ನೀರು, ಮೆತ್ತನೆ ಬ್ರಷ್ಷು ನೀವೂ ಮಾಡಿರ್ತೀರಿ. ಗುಜರಿಯಿಂದ ಬಂದ ಮಾಲಿಗೆ ಅದು ಸಾಲದು. ಧೂಳೂ ಜಿಡ್ಡೂ ಸೇರಿ ಗೆರೆಯ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತೆ. ಅದಕ್ಕೇ ಫೆವಿಕಾಲ್: ಬಳಿದು, ಒಣಗಿದ ಮೇಲೆ ಕಿತ್ತರೆ ಕೊಳೆಯೂ ಅದಕ್ಕಂಟಿ ಬರುತ್ತೆ.

ಮೊದಲ ಸಲ ತೆಳ್ಳಗೆ ಬಳಿದೆ. ಕೀಳಹೋದರೆ ಚೂರುಚೂರಾಯ್ತು, ಅರ್ಧ ಗೆರೆಯಲ್ಲೇ ಉಳೀತು. ಸಾವಿರದ ಐನೂರು ಕೊಟ್ಟ ಜಮೈಕಾದ ರೆಗೇ ಹಾಡಿನ 45 ಅದು, ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವ ಚಿಕ್ಕ ತಟ್ಟೆ, ನಡುವೆ ದೊಡ್ಡ ತೂತಿನದು. ಆ ರಾತ್ರಿ ನಿದ್ದೆಯಿಲ್ಲ. ಮಾರನೇ ದಿನ ಅದರ ಮೇಲೇ ದಪ್ಪಗೆ ಇನ್ನೊಂದು ಕೋಟ್ ಹಚ್ಚಿ ಒಣಗಿಸಿ ಎಳೆದೆ, ಚೂರೆಲ್ಲ ಅಂಟಿಕೊಂಡು ಬಂತು. ಆಮೇಲೆ ಜುಲೈ ಮಳೆಯಲ್ಲಿ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್‌ನ ತಟ್ಟೆ. ಮೂರು ದಿನವಾದರೂ ನಡುವೆ ಬೆಳ್ಳಗೆ ಹಸಿ. ಅಂಟು ಹರಿದು ಲೇಬಲ್ಲೂ ಕಿತ್ತು ಬಂತು, ಬೆಲೆ ಅರ್ಧಕ್ಕಿಳೀತು.

ಈಗ ಒಂದು ಮಗ್ಗುಲಿಗೆ ಸುಮಾರು 40 ಗ್ರಾಂ. ತಟ್ಟೆ ತಿರುಗಿಸುತ್ತಾ ಹಳೇ ಎಟಿಎಂ ಕಾರ್ಡಿನಲ್ಲಿ ಸವರುತ್ತೇನೆ, ಲೇಬಲ್ಲಿನಿಂದ ಅರ್ಧ ಬೆರಳು ದೂರ. ಅಂಟು ಸಮ ಹರಿಯಲು ಎರಡು ತೊಟ್ಟು ಬೆರೆಸುವುದೇನು ಅನ್ನೋದು ನನ್ನಲ್ಲೇ ಇರಲಿ. ಏಪ್ರಿಲ್‌ನಲ್ಲಿ ಫ್ಯಾನ್ ಕೆಳಗೆ ಎಂಟು ತಾಸು ಸಾಕು. ಬಿಸಿಲಿಗಿಟ್ಟರೆ ತಟ್ಟೆ ಹಪ್ಪಳದಂತೆ ಡೊಂಕಾಗುತ್ತೆ. ಪೂರ್ತಿ ಪಾರದರ್ಶಕ ಆದ ಮೇಲೆ ಅಂಚಿನಿಂದ ಎಳೆದರೆ ಸರ್‍ರನೆ ಒಂದೇ ಹಾಳೆ. ಬೆಳಕಿಗೆ ಹಿಡಿದರೆ ಅದರಲ್ಲಿ ಗೆರೆಗಳ ಅಚ್ಚು, ಕಾಮನಬಿಲ್ಲಿನ ಬಣ್ಣ, ನಡುನಡುವೆ ಕಪ್ಪು ಕೊಳೆ. ಕಿತ್ತ ಕೂಡಲೇ ಕೈರೋಮ ನಿಲ್ಲುವಷ್ಟು ಸ್ಟ್ಯಾಟಿಕ್ ಕರೆಂಟು ಹುಟ್ಟಿ ಧೂಳು ಎಳೆದುಕೊಳ್ಳುತ್ತೆ, ತಡಮಾಡದೆ ಡಿಸ್ಟಿಲ್ಡ್ ನೀರಿನ ಬಟ್ಟೆಯಲ್ಲಿ ಒರೆಸಿ.

ಮಂಡಿಪೇಟೆಯ ಹಳೇ ಮನೆಯೊಂದರಲ್ಲಿ ನಾಟಕದ ಹಾಡಿನ 78ಗಳೂ (ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ತಟ್ಟೆಗಳು) ಸಿಕ್ಕಿದ್ದವು. ಒಂದಕ್ಕೆ ಸ್ಪಿರಿಟ್ ತಾಗಿಸಿದೆ, ಅರಗಿನ ತಟ್ಟೆ ಕರಗಿ ಹತ್ತಿಯೆಲ್ಲ ಕಪ್ಪಾಯ್ತು. ಅದು ಮತ್ತೆ ಸಿಗುವ ಹಾಡಲ್ಲ, ಇವತ್ತಿಗೂ ಹೊಟ್ಟೆ ಉರಿಯುತ್ತೆ. 78ಕ್ಕೆ ಅಂಟು ಹಚ್ಚೋ ಧೈರ್ಯ ಇನ್ನೂ ಮಾಡಿಲ್ಲ.

ಫೆವಿಕಾಲ್ ಕೆಜಿಗೆ ಮುನ್ನೂರರ ಆಸುಪಾಸು, ತಟ್ಟೆಗೆ ಇಪ್ಪತ್ತೈದು ರೂಪಾಯಿ ಬೀಳುತ್ತೆ. ಕೊಳೆ ಹೀರುವ ಮಷೀನಿಗೆ ನನಗೆ ಹೇಳಿದ ದರ ನಲವತ್ತು ಸಾವಿರ. ಇಲ್ಲಿವರೆಗೆ ನೂರಾನಲವತ್ತು ತಟ್ಟೆ ಮಾಡಿದ್ದೇನೆ, ಕೆಟ್ಟದ್ದು ಆರೋ ಏಳೋ. ಎಂಬತ್ತು ರೂಪಾಯಿಗೆ ತಂದ ಫಂಕ್ ಎಲ್‌ಪಿಯೊಂದಕ್ಕೆ ಹೋದ ವಾರ ಎರಡೂವರೆ ಸಾವಿರ ಕೇಳಿದರು. ಕೊಡಲಿಲ್ಲ.