ತಾರೀಖಿಲ್ಲದ ಪತ್ರಗಳಿಗೆ ಹಳೇ ಪಂಚಾಂಗ

ತಾರೀಖಿಲ್ಲದ ಹಳೇ ಪತ್ರಗಳು ಯಾವ ವರ್ಷದವು ಅಂತ ಪತ್ತೆ ಮಾಡಲು ಹೊರಟ ನನ್ನನ್ನು ನೋಡಿ ಎರಡು ವರ್ಷ ನಕ್ಕವರೆಲ್ಲ ಈಗ ‘ಹೇಗೆ ಮಾಡಿದೆ’ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಡಬ್ಲಿನ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಒಂದು ಬಿಸ್ಕತ್ತಿನ ಡಬ್ಬ ಕೊಟ್ಟರು. ಅವರ ಚಿಕ್ಕಪ್ಪ ಪಾದ್ರಿ. ಡಬ್ಬದಲ್ಲಿ ಆ ಪಾದ್ರಿ ಆರ್ಚ್‌ಬಿಷಪ್ ಜಾನ್ ಚಾರ್ಲ್ಸ್ ಮೆಕ್‌ಕ್ವೇಡ್‌ಗೆ ಬರೆದ ಪತ್ರಗಳ ನಕಲು, ಅಲ್ಲಿಂದ ಬಂದ ಉತ್ತರ, ಎಲ್ಲ ಸೇರಿ ನೂರೆಂಬತ್ತು ಇರಬಹುದು. ಮೆಕ್‌ಕ್ವೇಡ್ 1940ರಿಂದ ಮೂವತ್ತು ವರ್ಷಕ್ಕೂ ಜಾಸ್ತಿ ಡಬ್ಲಿನ್ನಿನ ಕ್ಯಾಥೊಲಿಕ್ ಚರ್ಚ್ ಆಳಿದವರು. ಅವರ ಹೆಸರು ಎತ್ತಿದರೆ ಎಲ್ಲರೂ 1951ಕ್ಕೆ ಓಡುತ್ತಾರೆ. ತಾಯಂದಿರಿಗೂ ಮಕ್ಕಳಿಗೂ ಉಚಿತ ಚಿಕಿತ್ಸೆ ಕೊಡುವ ತಾಯಿ-ಮಗು ಯೋಜನೆ, ಅದಕ್ಕೆ ಚರ್ಚಿನ ವಿರೋಧ, ಆರೋಗ್ಯ ಮಂತ್ರಿ ನೋಯೆಲ್ ಬ್ರೌನ್ ರಾಜೀನಾಮೆ, ಆ ಗಲಾಟೆ. ನನ್ನ ಡಬ್ಬದಲ್ಲಿ ಇದ್ದದ್ದು ಸೋರುವ ಚಾವಣಿ, ಸಹಾಯಕ ಪಾದ್ರಿಯ ರಜೆ, ಬೇರೆ ಪಂಗಡದ ಹುಡುಗಿಯನ್ನು ಮದುವೆಯಾಗಲು ಅಪ್ಪಣೆ. ನನಗೆ ಇದೇ ರುಚಿ.

ತೊಂದರೆ ಏನೆಂದರೆ, ಉತ್ತರಗಳಿಗೆ ತಾರೀಖಿದೆ, ಪಾದ್ರಿಯ ನಕಲುಗಳಿಗೆ ಇಲ್ಲ. ‘ಬೂದಿ ಬುಧವಾರ’, ‘ಸಂತ ಜೋಸೆಫರ ಹಬ್ಬ’ ಅಷ್ಟೇ. ಅಂಥವು ಎಪ್ಪತ್ತು. ನಾನು ಹೋಗುತ್ತಿದ್ದ ಸಂಜೆ ತರಗತಿಯ ಮೇಷ್ಟ್ರು ‘ಬಿಟ್ಟುಬಿಡಿ’ ಅಂದರು.

ನಮ್ಮಜ್ಜನ ಕಾಗದಗಳನ್ನು ನೋಡಿ ಬೆಳೆದವನು ನಾನು. ‘ಶ್ರಾವಣ ಬಹುಳ ತದಿಗೆ, ಮಂಗಳವಾರ’ ಅಂತಿದ್ದರೆ ಪಂಚಾಂಗ ತೆಗೆದು ಕೂತರಾಯಿತು. ಇದೂ ಹಾಗೇ ಅಲ್ವಾ?

ಹಾಗೇನೂ ಆಗಲಿಲ್ಲ. ಮೊದಲು ಕಾಗದದ ಹಳದಿ ಬಣ್ಣ ನೋಡಿ ಜೋಡಿಸಿದೆ. ಮುಚ್ಚಳದ ಹತ್ತಿರ ಇದ್ದದ್ದು ಜಾಸ್ತಿ ಹಳದಿ, ಅಷ್ಟೇ. ಕೈಬರಹ ಓದುವ ಆ್ಯಪ್‌ಗೆ ಎಂಟು ತಿಂಗಳು ದುಡ್ಡು ಸುರಿದೆ. ಅದು ಆರ್ಚ್‌ಬಿಷಪ್ಪರನ್ನು ಕರೆಯುವ ‘ಯುವರ್ ಗ್ರೇಸ್’ ಅನ್ನು ‘ಯುವರ್ ಗ್ರಾಸ್’ ಅಂತ ಓದಿತು. ದೀಪ, ಭೂತಗನ್ನಡಿ, ಫೋಲ್ಡರ್, ಎಲ್ಲ ಸೇರಿ ನಾನೂರು ಯೂರೋ ಹೋಯಿತು.

ದೊಡ್ಡ ಪೆಟ್ಟು ಬಿದ್ದದ್ದು ಒಂದೇ ಪತ್ರದಿಂದ. ‘ಮಂಗಳವಾರ, ಸಂತ ಥಾಮಸ್ ಅಕ್ವಿನಾಸ್ ಹಬ್ಬ’ ಅಂತ ತಲೆಬರಹ. ಊರಿನ ಹುಡುಗನೊಬ್ಬನಿಗೆ ಡಬ್ಲಿನ್ನಿನಲ್ಲಿರುವ, ಪ್ರಾಟೆಸ್ಟಂಟ್ ಹಿನ್ನೆಲೆಯ ಟ್ರಿನಿಟಿ ಕಾಲೇಜಿಗೆ ಸೇರಲು ಅಪ್ಪಣೆ ಬೇಕಿತ್ತು. ಆಗ ಕ್ಯಾಥೊಲಿಕರು ಅಲ್ಲಿಗೆ ಸುಮ್ನೆ ಸೇರುವ ಹಾಗಿರಲಿಲ್ಲ. ನಿಷೇಧ ಹೋದದ್ದು 1970ರಲ್ಲಿ. ಮೊಬೈಲಿನಲ್ಲಿ ಹಬ್ಬ ಹುಡುಕಿದೆ. ಜನವರಿ 28. ಅದು ಮಂಗಳವಾರ ಬಿದ್ದ ಒಂದು ವರ್ಷ 1947. ಬರೆದಿಟ್ಟುಕೊಂಡು ಹಿಗ್ಗಿದೆ. ಅದನ್ನೇ ಗೂಟ ಮಾಡಿಕೊಂಡು ಮೂವತ್ತು ಪತ್ರ ಜೋಡಿಸಿದೆ.

ಆರು ತಿಂಗಳಾದ ಮೇಲೆ ಅದೇ ಪತ್ರದ ಕೊನೆ ಸಾಲು ಕಣ್ಣಿಗೆ ಬಿತ್ತು. ‘ಈಸ್ಟರಿಗೆ ಇನ್ನೊಂದು ತಿಂಗಳು.’ ಈಸ್ಟರ್ ಬರುವುದು ಮಾರ್ಚ್ ಕೊನೆಗೋ ಏಪ್ರಿಲ್‌ಗೋ. ಜನವರಿಯಲ್ಲಿ ಎಲ್ಲಿಂದ?

1969ರಲ್ಲಿ ಚರ್ಚಿನ ಪಂಚಾಂಗವನ್ನೇ ಬದಲಿಸಿದ್ದರು. ಅದಕ್ಕೆ ಮುಂಚೆ ಅಕ್ವಿನಾಸ್ ಹಬ್ಬ ಮಾರ್ಚ್ 7. ಹಳೇ ಪುಸ್ತಕದಂಗಡಿಯಲ್ಲಿ ಒಂಬತ್ತು ಯೂರೋಗೆ ಐವತ್ತರ ದಶಕದ ಪೂಜಾ ಪುಸ್ತಕ ಸಿಕ್ಕಿತು. ಸುರಿದ ದುಡ್ಡಿನಲ್ಲಿ ಕೆಲಸಕ್ಕೆ ಬಂದದ್ದು ಆ ಒಂಬತ್ತು ಮಾತ್ರ. ಮೆಕ್‌ಕ್ವೇಡ್ ಕಾಲದಲ್ಲಿ, ಪಂಚಾಂಗ ಬದಲಾಗುವ ಮುಂಚೆ, ಮಾರ್ಚ್ 7 ಮಂಗಳವಾರ ಬಂದದ್ದು 1944, 1950, 1961, 1967. ತಮಾಷೆ ನೋಡಿ, ಮೊದಲ ಎರಡೂ ವರ್ಷ ಈಸ್ಟರ್ ಏಪ್ರಿಲ್ 9ಕ್ಕೇ! ಬಿಡಿಸಿದ್ದು ‘ಗ್ಲಿಮ್ಮರ್ ಮ್ಯಾನ್’. ಎರಡನೇ ಮಹಾಯುದ್ಧದ ಕಾಲದಲ್ಲಿ ಗ್ಯಾಸ್ ರೇಷನ್ ಇದ್ದಾಗ, ಹೊತ್ತಲ್ಲದ ಹೊತ್ತಲ್ಲಿ ಒಲೆ ಉರಿಯುತ್ತಿದೆಯಾ ಅಂತ ಮನೆಗೆ ಬಂದು ಮುಟ್ಟಿ ನೋಡುತ್ತಿದ್ದವನು. ಅಡುಗೆಯವಳು ಅವನಿಗೆ ಹೆದರಿ ತಣ್ಣನೆ ಚಹಾ ಕೊಡುತ್ತಾಳೆ ಅಂತ ಪಾದ್ರಿಯ ಗೊಣಗಾಟ. ಹಾಗಾದರೆ 1944.

ನಡುವೆ ಇನ್ನೊಂದು ಹುಚ್ಚು ಹಿಡಿಯಿತು. ಟೈಪ್ ಮಾಡಿದ ಉತ್ತರಗಳಲ್ಲಿ ಇಂಗ್ಲಿಷಿನ ‘e’ ಅಕ್ಷರದ ಹೊಟ್ಟೆ ಮಸಿ ತುಂಬಿ ಕಪ್ಪಾಗುತ್ತಾ ಹೋಗುತ್ತದೆ. ಅದನ್ನೇ ಗಡಿಯಾರ ಮಾಡೋಣ ಅಂದುಕೊಂಡೆ. ಯಾರೋ ಆಗಾಗ ಬ್ರಷ್ ಹಾಕಿ ಉಜ್ಜಿಬಿಡುತ್ತಿದ್ದರು. ಮೂರು ವಾರ ದಂಡ.

ಬರೀ ವಾರ ಇದ್ದು ಹಬ್ಬ ಇಲ್ಲದ ಪತ್ರಗಳಿಗೂ ಒಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳಲ್ಲ. ಒಟ್ಟು ಅರವತ್ತೇಳು ಪತ್ರ ಕೂತವು.

ಮೇಷ್ಟ್ರು ಒಪ್ಪಿದ್ದು ಡಬ್ಬದ ತಳದ ಕಾಗದ ಬಿಡಿಸಿದ ಮೇಲೆ. ಅದರಡಿ ಒಂದು ಉತ್ತರ ಅಂಟಿಕೊಂಡಿತ್ತು. ಮಾರ್ಚ್ 9, 1944. ನಾಲ್ಕೇ ಸಾಲು, ಕೆಳಗೆ ಹೆಸರಿನ ಮುಂದೆ ಬಿಷಪ್ಪರು ಹಾಕುವ ಪುಟ್ಟ ಶಿಲುಬೆ. ಟ್ರಿನಿಟಿಗೆ ಅಪ್ಪಣೆ ಇಲ್ಲ.

ಅಜ್ಜಿಗೆ ಓದಿ ಹೇಳಿದೆ. ‘ಓ, ಅವನಾ?’ ಅಂದರು. ‘ಅವನು ಲಂಡನ್ನಿಗೆ ಹೋಗಿಬಿಟ್ಟ.’